ವಾಟರ್ ಪಂಪಿನ ಕೆಳಗೊಂದು ಕೆಂಪು ಗೆರೆ

ಹೋದ ವರ್ಷ ಯುಗಾದಿ ಕಳೆದು ಬಂದ ಭಾನುವಾರ. ನಮ್ಮ ಮನೆಯ ಹಳೆಯ ಕಾರನ್ನು ಗುಜರಿಗೆ ಹಾಕಲೆಂದು ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ನಮ್ಮ ಅತ್ತೆ ಕೂತಿದ್ದರು. ಬಳ್ಳಾರಿಯಲ್ಲಿರುವ ಮೈದುನ ವೀರೇಶ ಗುಜರಿಯವನನ್ನು ಗೊತ್ತು ಮಾಡಿದ್ದ. ಸೋಮವಾರ ಬೆಳಿಗ್ಗೆ ಗುಜರಿಯವನು ವೀರೇಶನ ಮನೆಗೆ ಬಂದು ಕಾರು ಒಯ್ಯುವುದೆಂದು ಮಾತಾಗಿತ್ತು.

ನಾನು ಸಿರಿಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು. ಕಾರು ನಮ್ಮ ಯಜಮಾನರದ್ದು. ದುಂಡು ಮೂತಿಯ, ಭಾರದ ಬಾಗಿಲುಗಳ, ಈಗ ರಸ್ತೆಯಲ್ಲಿ ಅಪರೂಪಕ್ಕೆ ಕಾಣುವಂಥ ಗಾಡಿ. ಅವರು ಅದನ್ನು ಯಾರಿಂದಲೋ ಕೊಂಡು ತಂದಾಗಲೇ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಕಾಲುವೆ ಪಕ್ಕದ ಖಾಲಿ ದಾರಿಯಲ್ಲಿ ನನ್ನನ್ನು ಕೂರಿಸಿ ಓಡಿಸಲು ಕಲಿಸಿದವರೂ ಅವರೇ. ನಾನು ಗೇರು ಹಾಕುವಾಗ ಹಲ್ಲು ಕಡಿಯುತ್ತೇನೆಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದರು. ಎರಡು ವರ್ಷದ ಹಿಂದೆ ಅವರು ಹೋದರು. ಕಾರು ಉಳಿಯಿತು, ನಾನು ಅದರಲ್ಲೇ ಶಾಲೆಗೆ ಹೋಗಿ ಬರುತ್ತಿದ್ದೆ.

ನಮ್ಮ ಕಡೆ ಗಾಡಿ ಇಟ್ಟುಕೊಂಡವರೆಲ್ಲ ಅಮಾವಾಸ್ಯೆಗೆ ಅದರ ಪೂಜೆ ಮಾಡುತ್ತಾರೆ. ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ಬೈಕಾಗಲಿ, ಅವತ್ತು ಮಿಂದು ಮಡಿಯಾಗಿ ನಿಲ್ಲಲೇಬೇಕು. ಯಜಮಾನರು ಇದನ್ನು ಒಂದು ತಿಂಗಳೂ ತಪ್ಪಿಸಿದವರಲ್ಲ. ಬಾನೆಟ್ ಎತ್ತಿ ಎಂಜಿನ್ ಮೇಲೆಲ್ಲ ನೀರು ಹೊಯ್ದು, ಹಳೆ ಬನಿಯನ್ನಿನಿಂದ ಒರೆಸಿ, ರೇಡಿಯೇಟರ್ ಮೇಲೆ ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕಾಯಿ ಒಡೆಯುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನಾನು ಮಾಡತೊಡಗಿದೆ. ಗಂಡ ಸತ್ತವಳು ಕುಂಕುಮ ಮುಟ್ಟುತ್ತಾಳಲ್ಲ ಎಂದು ಓಣಿಯವರು ನೋಡಿದರು, ನಾನು ನೋಡದವಳ ಹಾಗೆ ಇದ್ದುಬಿಟ್ಟೆ. ನನ್ನ ಹಣೆಗಂತೂ ಹಚ್ಚಿಕೊಳ್ಳುತ್ತಿರಲಿಲ್ಲ, ಕಾರಿಗೆ ಹಚ್ಚಿದರೆ ಇವರಿಗೇನು ಎಂಬ ಹಟವೂ ಒಳಗೆ ಸ್ವಲ್ಪ ಇತ್ತು.

ಹೀಗೆ ನಡೆದುಕೊಂಡು ಹೋಗುವಾಗ ಕಾರಿಗೆ ನೀರಿನ ದಾಹ ಹತ್ತಿತು. ಮೊದಲು ವಾರಕ್ಕೊಂದು ಚೊಂಬು ಕೇಳುತ್ತಿದ್ದ ರೇಡಿಯೇಟರ್ ಆಮೇಲೆ ದಿನಕ್ಕೊಂದು ಚೊಂಬು ಕೇಳತೊಡಗಿತು. ನಾನೂ ಬೆಳಿಗ್ಗೆ ಎದ್ದು ತುಳಸಿಗೆ ಹಾಕಿದಂತೆ ಅದಕ್ಕೂ ನಳದ ನೀರು ಹಾಕುತ್ತಿದ್ದೆ. ಹಳೆಯ ಗಾಡಿ, ಬಳ್ಳಾರಿ ಸೀಮೆಯ ಬಿಸಿಲು, ಕುಡಿಯಲಿ ಬಿಡು ಎಂದುಕೊಂಡೆ. ಎಂಜಿನ್ ಮುಂಭಾಗದಲ್ಲಿ ಫ್ಯಾನಿನ ಕೆಳಗೆ ಒಂದು ಕೆಂಪು ಗೆರೆ ಇಳಿದಿರುತ್ತಿತ್ತು. ಅದನ್ನು ಪೂಜೆಯ ಕುಂಕುಮ ನೀರಿಗೆ ಕರಗಿ ಇಳಿದದ್ದೆಂದು ತಿಳಿದು ಅಮಾವಾಸ್ಯೆಗೊಮ್ಮೆ ತಿಕ್ಕಿ ತೊಳೆಯುತ್ತಿದ್ದೆ. ಹೊಸದಾಗಿ ಮತ್ತೆ ಕುಂಕುಮ ಇಡುತ್ತಿದ್ದೆ. ಮತ್ತೆ ಗೆರೆ ಇಳಿಯುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಪೂಜೆ ಮುಗಿಸಿ, ಅತ್ತೆಯನ್ನು ಕೂರಿಸಿಕೊಂಡು ಅವರ ತವರು ಕುರುಗೋಡಿಗೆ ಹೊರಟೆ. ಊರು ದಾಟುವುದರೊಳಗೆ ಕಾರು ಕುದ್ದು ನಿಂತಿತು. ಅತ್ತೆ ಕೆಳಗಿಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಹಬೆ ಏಳುತ್ತಿದ್ದ ಬಾನೆಟ್ಟನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅದಕ್ಕ ನೀನು ಕುಂಕುಮ ಹಚ್ಚಬಾರದಿತ್ತವ್ವ ಶಾರದಾ. ನಮ್ಮಂಥೋರ ಕೈ ಆಗಂಗಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಮಗುವಿಗೆ ಬಿಸಿ ಪಾತ್ರೆ ಮುಟ್ಟಬೇಡ ಎನ್ನುವ ದನಿಯಲ್ಲಿ ಹೇಳಿದರು. ಮೂಢನಂಬಿಕೆ ಎಂದರೇನು ಎಂದು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಪಾಠ ಮಾಡುವವಳು ನಾನು. ಆದರೂ ಆ ದಿನ ಕಾರು ತಣ್ಣಗಾಗುವವರೆಗೆ ನನ್ನ ಬಲಗೈ ಬೆರಳನ್ನೇ ನೋಡುತ್ತ ಕೂತಿದ್ದೆ. ಉಂಗುರದ ಬೆರಳ ತುದಿಯಲ್ಲಿ ಕುಂಕುಮದ ಬಣ್ಣ ಇನ್ನೂ ಇತ್ತು.

ಮುಂದಿನ ಅಮಾವಾಸ್ಯೆಗೆ ಪೇಪರ್ ತಿದ್ದುವ ಕೆಲಸ ಹಚ್ಚಿಕೊಂಡೆ. ಅದರ ಮುಂದಿನದಕ್ಕೆ ತಲೆನೋವು ಬಂತು. ಯುಗಾದಿ ಅಮಾವಾಸ್ಯೆಗೆ ಯಾವ ನೆಪವೂ ಬೇಕಾಗಲಿಲ್ಲ, ಕಾರಿನ ಹತ್ತಿರ ಹೋಗಲೇ ಇಲ್ಲ. ನನಗೆ ಪುರುಸೊತ್ತಿಲ್ಲ ಎಂದು ನನಗೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ನನ್ನ ಕೈ ತಾಗಿದ್ದು ಕೆಡುತ್ತದೆ ಎಂಬ ಮಾತು ಒಳಗೆ ಹೊಕ್ಕಿತ್ತು, ಹಿಂದಿನದನ್ನೆಲ್ಲ ನೆನೆಸಿಕೊಂಡು ಯಜಮಾನರ ಕಾಯಿಲೆಯವರೆಗೂ ಅದನ್ನು ಎಳೆದುಕೊಂಡು ಹೋಗಿದ್ದೆ. ಇದನ್ನು ಯಾರ ಮುಂದೆ ಹೇಳಲಿ? ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ನಡುವೆ ಒಮ್ಮೆ ಬಳ್ಳಾರಿಯ ಒಂದು ಗ್ಯಾರೇಜಿಗೆ ತೋರಿಸಿದ್ದೂ ಉಂಟು. ಅದು ಎಳ್ಳಮಾವಾಸ್ಯೆಗೂ ಮುಂಚಿನ ಮಾತು. ಡಾಕ್ಟರ ಹತ್ತಿರ ಹೋಗುವಾಗ ಮೈ ತೊಳೆದುಕೊಂಡು ಹೋಗುವ ಹಾಗೆ ಎಂಜಿನ್ನನ್ನು ಥಳಥಳ ತೊಳೆದೇ ಒಯ್ದಿದ್ದೆ. ಆತ ಅತ್ತಿತ್ತ ನೋಡಿ, ಎಲ್ಲೂ ಸೋರಿದ ಗುರುತಿಲ್ಲ, ನೀರು ಎಂಜಿನ್ ಒಳಗೇ ಹೋಗುತ್ತಿರಬೇಕು, ಬಿಚ್ಚಿದರೆ ದೊಡ್ಡ ಕೆಲಸ, ಈ ಗಾಡಿಗೆ ಅದು ಬೇಡ ಎಂದ. ಗುಜರಿಗೆ ಹಾಕಿಬಿಡೋಣ ಎನ್ನಲು ವೀರೇಶನಿಗೆ ಅಷ್ಟೇ ಸಾಕಾಯಿತು. ಅತ್ತಿಗೆ ದಾರಿಯಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಳ್ಳಬಾರದು ಎಂಬುದು ಅವನ ಚಿಂತೆ. ಎರಡು ಸಲ ಬೇಡವೆಂದ ನಾನು ಮೂರನೇ ಸಲ ಆಗಲಿ ಎಂದೆ.

ಹಾಗೆ ಹೊರಟ ಭಾನುವಾರ ಅದು. ದಾರಿಯಲ್ಲಿ ಅತ್ತೆಯ ಅಣ್ಣನ ಕುರುಗೋಡಿನ ಮನೆಯಲ್ಲಿ ಊಟ ಮಾಡಿ ಮುಂದೆ ಹೋಗುವುದೆಂದು ಗೊತ್ತಾಗಿತ್ತು. ಸಿರಿಗೇರಿ ದಾಟಿದ ಮೇಲೆ ಮುಂಭಾಗದಿಂದ ಕಿರ್ ಕಿರ್ ಎಂಬ ಸದ್ದು ಶುರುವಾಯಿತು. ಬಾದನಹಟ್ಟಿ ಇನ್ನೇನು ಬಂತು ಎನ್ನುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ ಕಂಡಿತು. ಅಲ್ಲಿಗೇ ಗಾಡಿ ತಿರುಗಿಸಿ ಎಂಜಿನ್ ಆರಿಸಿದೆ.

ಅದು ಕಾರು ರಿಪೇರಿಯ ಅಂಗಡಿಯಲ್ಲ. ಸುತ್ತಲಿನ ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುವ ಜಾಗ. ಬಿಚ್ಚಿದ ಪಂಪುಗಳ ನಡುವೆ ಅರವತ್ತರ ಆಸುಪಾಸಿನ, ಬಿಳಿ ಗಡ್ಡದ ಒಬ್ಬರು ಕೂತಿದ್ದರು. ಹೆಸರು ಖಾಜಾಸಾಬ್ ಎಂದು ಆಮೇಲೆ ಗೊತ್ತಾಯಿತು. ನಾನು ಬಾನೆಟ್ ಎತ್ತಿ, ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಅವರು ಎದ್ದು ಬಂದರು.

"ಮುಚ್ಚಳ ಮುಟ್ಟಬ್ಯಾಡ್ರಿ ತಾಯಿ. ಮುಖ ಸುಟ್ಟೀತು. ಆರಲಿ, ಕುಂದರ್ರಿ."

ಅತ್ತೆಗೆ ನೆರಳಿನಲ್ಲಿ ಗೋಣಿಚೀಲ ಹಾಸಿಕೊಟ್ಟು, ಗಡಿಗೆಯ ತಣ್ಣೀರು ತಂದು ಕೊಟ್ಟರು. ಯಾವ ಊರು, ಎಲ್ಲಿಗೆ ಹೊರಟಿರಿ ಎಂದೆಲ್ಲ ವಿಚಾರಿಸಿದರು. ನಾನು ಟೀಚರು ಎಂದು ತಿಳಿದ ಮೇಲೆ ಟೀಚರಮ್ಮ ಎಂದೇ ಕರೆದರು. ಗುಜರಿಗೆ ಹಾಕಲು ಹೊರಟಿದ್ದೇವೆ, ಬಳ್ಳಾರಿವರೆಗೆ ಹೇಗಾದರೂ ಮುಟ್ಟಿದರೆ ಸಾಕು ಎಂದೆ. ನೀರು ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ ಎಂದು ಕೇಳಿದರು. ದಿನಾ ಒಂದು ಚೊಂಬು ಎಂದೆ.

"ದಿನಾ ಚೊಂಬು ನೀರು ಕುಡೀತೈತಿ ಅಂದ್ರ, ಅದು ಎಲ್ಲಿಗೆ ಹೊಂಟೈತಿ ಅಂತ ಕೇಳಬಾರದೇನ್ರಿ ಟೀಚರಮ್ಮ?"

ಮಕ್ಕಳಿಗೆ ನಾನು ಕೇಳುವ ಧಾಟಿಯ ಪ್ರಶ್ನೆ.

ಅರ್ಧ ಗಂಟೆ ಕಳೆದ ಮೇಲೆ ಅವರು ಎಂಜಿನ್ ಮುಂದೆ ಬಗ್ಗಿದರು. ಮೊದಲು ಮಾಡಿದ ಕೆಲಸವೆಂದರೆ ಫ್ಯಾನಿನ ಎಲೆಗಳನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ಅಲುಗಿಸಿದ್ದು. ಕಟಕಟ ಎಂದಿತು. ಸರಿದು ನಿಂತು ನನಗೆ ಹಿಡಿಯಲು ಹೇಳಿದರು. ನಾನು ಹಿಂಜರಿದೆ, ಕೈ ಮುಂದೆ ಹೋಗಲಿಲ್ಲ. ಅವರಿಗೆ ಅದರ ಕಾರಣ ಹೇಗೆ ಗೊತ್ತಾಗಬೇಕು? ಎಣ್ಣೆ ಜಿಡ್ಡಿಗೆ ಅಂಜಿದೆನೆಂದು ತಿಳಿದು ಒರೆಸುವ ಬಟ್ಟೆ ಕೊಟ್ಟರು. ಹಿಡಿದೆ. ಸಡಿಲಾದ ಹಲ್ಲು ಆಡುವಂತೆ ಇಡೀ ಫ್ಯಾನ್ ಕೈಯಲ್ಲಿ ಆಡಿತು. ಫ್ಯಾನು ಕೂತಿರುವುದೇ ವಾಟರ್ ಪಂಪಿನ ಮೇಲೆ, ಪಂಪಿನ ಬೇರಿಂಗ್ ಹೋಗಿದೆ, ಕಿರ್ ಕಿರ್ ಎಂದದ್ದು ಅದೇ ಎಂದರು. ಇನ್ನು ಸ್ವಲ್ಪ ದೂರ ಓಡಿಸಿದ್ದರೆ ಫ್ಯಾನು ಕಿತ್ತು ರೇಡಿಯೇಟರನ್ನು ಸೀಳಿಬಿಡುತ್ತಿತ್ತಂತೆ.

ಆಮೇಲೆ ಬ್ಯಾಟರಿ ಹಿಡಿದು ಪಂಪಿನ ಅಡಿಗೆ ಬೆಳಕು ಬಿಟ್ಟರು. ಅಲ್ಲೊಂದು ಸಣ್ಣ ತೂತು. ತೂತಿನಿಂದ ಕೆಳಗೆ ಕೆಂಪು ಗೆರೆ. ಒಳಗಿನ ಸೀಲ್ ಹೋದರೆ ನೀರು ಹೊರಗೆ ಬಂದು ತಿಳಿಸಲಿ ಎಂದೇ ಕಂಪನಿಯವರು ಆ ತೂತು ಬಿಟ್ಟಿರುತ್ತಾರೆ ಎಂದು ವಿವರಿಸಿದರು. ನಾನು ಮಧ್ಯೆ ಬಾಯಿ ಹಾಕಿ, ಅದು ನೀರಲ್ಲ, ಪೂಜೆಯ ಕುಂಕುಮ ಇಳಿದದ್ದು ಎಂದೆ.

ಖಾಜಾಸಾಬ್ ತಲೆ ಎತ್ತಿ ನೋಡಿದರು.

"ಕುಂಕುಮ ಹಚ್ಚಿ ಎಷ್ಟು ದಿನಾತ್ರಿ?"

"ಮೂರು ತಿಂಗಳಾತ್ರಿ. ಎಳ್ಳಮಾಸಿಗೆ ಹಚ್ಚಿದ್ದು."

ಅವರು ಗೆರೆಯ ಮೇಲೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳು ಒದ್ದೆಯಾಗಿತ್ತು.

"ಇದು ಇವತ್ತಿಂದು. ಜಂಗು ನೀರ್ರಿ ಇದು. ಮೂಸಿ ನೋಡ್ರಿ, ಕಬ್ಬಿಣದ ವಾಸನಿ."

ಮೂಸಿ ನೋಡಬೇಕಾಗಿರಲಿಲ್ಲ. ಮೊಳೆಯನ್ನು ನೀರಿನ ಪ್ರನಾಳದಲ್ಲಿ ಹಾಕಿಟ್ಟು ತುಕ್ಕು ಹಿಡಿಸಿ ತೋರಿಸುವ ಪ್ರಯೋಗವನ್ನು ಪ್ರತಿ ವರ್ಷ ನಾನೇ ಮಾಡಿಸುತ್ತೇನೆ. ಆ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬ ಪ್ರಶ್ನೆಗೆ ಮಕ್ಕಳಿಗೆ ಒಂದು ಅಂಕ ಕೊಡುತ್ತೇನೆ. ಅದೇ ಬಣ್ಣ ಆರು ತಿಂಗಳು ನನ್ನ ಕಣ್ಣ ಮುಂದಿತ್ತು. ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು. ಅಪರಿಚಿತರ ಮುಂದೆ ಹೀಗೆ ಅಳುವ ಜಾತಿಯವಳಲ್ಲ ನಾನು. ಕಾರಿನ ಮೇಲೆ ಕೈಯಿಟ್ಟುಕೊಂಡು ಬಿಕ್ಕಿದೆ.

ಖಾಜಾಸಾಬ್ ಗಾಬರಿಯಾದರು. ಇಷ್ಟಕ್ಕೆಲ್ಲ ಅಳುತ್ತಾರೇನು, ಎಂಜಿನ್ನಿಗೆ ಏನೂ ಆಗಿಲ್ಲ, ಪಂಪು ಬದಲಿಸಿದರೆ ಗಾಡಿ ಇನ್ನೂ ಓಡುತ್ತದೆ ಎಂದು ಸಮಾಧಾನ ಹೇಳಿದರು. ಆಗ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ನನ್ನ ಕೈ ತಾಗಿ ಗಾಡಿ ಕೆಟ್ಟಿತೆಂದು ಮೂರು ತಿಂಗಳಿಂದ ತಿಳಿದುಕೊಂಡಿದ್ದೇನೆ ಎಂದೆ. ಹಾಗೆ ಹೇಳಿದವರು ಯಾರು ಎಂದು ಮಾತ್ರ ಹೇಳಲಿಲ್ಲ. ಅತ್ತೆ ನಾಲ್ಕು ಮಾರು ದೂರದಲ್ಲಿ ಗೋಣಿಚೀಲದ ಮೇಲೆ ಕೂತು ಎಲ್ಲ ಕೇಳುತ್ತಿದ್ದರು.

ಖಾಜಾಸಾಬ್ ತಮ್ಮ ಎರಡೂ ಕೈ ಚಾಚಿ ತೋರಿಸಿದರು. ಮಸಿ ಹಿಡಿದ, ಗಾಯದ ಕಲೆಗಳ ಕೈ.

"ನಲವತ್ತು ವರ್ಷ ಪಂಪ್ ಬಿಚ್ಚೀನ್ರಿ. ಸೀಲ್ ಹೋಗಿ ಕೆಟ್ಟಾವು, ಬೇರಿಂಗ್ ಹೋಗಿ ಕೆಟ್ಟಾವು, ಉಪ್ಪು ನೀರಿಗೆ ಕೆಟ್ಟಾವು. ಹಚ್ಚಿದೋರ ಕೈಯಿಂದ ಕೆಟ್ಟಿದ್ದು ಒಂದೂ ನೋಡಿಲ್ರಿ."

ಇಷ್ಟು ಹೇಳಿ ಸ್ಪಾನರ್ ತರಲು ಒಳಗೆ ಹೋದರು.

ಬೆಲ್ಟ್ ಸಡಿಲಿಸಿ, ಫ್ಯಾನ್ ಬಿಚ್ಚಿ, ಪಂಪಿನ ಬೋಲ್ಟುಗಳಿಗೆ ಕೈ ಹಾಕಿದರು. ಒಂದು ಬೋಲ್ಟ್ ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ, ಚಹಾ ಕುಡಿದು ಬಂದು ಮತ್ತೆ ತಿರುವಿದಾಗ ಬಂತು. ಹೊರಗೆ ಬಂದ ಪಂಪನ್ನು ತಿರುಗಿಸಿ ತೋರಿಸಿದರು. ಒಳಗೆ ನೀರನ್ನು ತಳ್ಳುವ ಎಲೆಗಳು ಅರ್ಧಕ್ಕರ್ಧ ಸವೆದು ಹೋಗಿದ್ದವು. ನಾನು ಭಕ್ತಿಯಿಂದ ಹೊಯ್ದ ನಳದ ನೀರೇ ಅವನ್ನು ತಿಂದಿತ್ತು. ಪಂಪಿನ ಫೋಟೊ ತೆಗೆದು ವೀರೇಶನಿಗೆ ಕಳಿಸಿದೆ, ಅಂಥದೇ ಹೊಸದು, ಅದರ ಸಂದಿ ಸೋರದಂತೆ ಕೂರಿಸುವ ಪ್ಯಾಕಿಂಗು ಮತ್ತು ನೀರಿಗೆ ಬೆರೆಸಿದರೆ ಜಂಗು ತಡೆಯುವ ಕೂಲಂಟ್ ಒಂದು ಕ್ಯಾನ್ ಬೇಕೆಂದು ಫೋನಿನಲ್ಲಿ ಹೇಳಿದೆ. ನಾಳೆ ಗುಜರಿಗೆ ಹೋಗುವ ಗಾಡಿಗೆ ಇವತ್ತು ಪಂಪು ಯಾಕೆ ಎಂದು ಅವನು ಗೊಣಗಿದ. ಮೊದಲು ತಾ, ಆಮೇಲೆ ಮಾತಾಡೋಣ ಎಂದೆ. ಭಾನುವಾರ ಅರ್ಧ ಬಾಗಿಲು ತೆರೆದಿದ್ದ ಯಾವುದೋ ಅಂಗಡಿ ಹುಡುಕಿ, ಮಧ್ಯಾಹ್ನ ಎರಡೂವರೆಗೆ ಬೈಕಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದ.

ಅಷ್ಟರಲ್ಲಿ ಖಾಜಾಸಾಬ್ ಎಂಜಿನ್ ಮೇಲೆ ಅಂಟಿದ್ದ ಹಳೆಯ ಪ್ಯಾಕಿಂಗ್ ಕಾಗದವನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಇದರಲ್ಲಿ ಅವಸರ ಮಾಡಿದರೆ ಹೊಸ ಪಂಪೂ ಸೋರುತ್ತದೆ ಎಂದು ನನಗೂ ಒಂದು ಬ್ಲೇಡು ಕೊಟ್ಟರು. ಮುಸುರೆ ಪಾತ್ರೆ ತಿಕ್ಕಿದ ಅನುಭವ ಇದಕ್ಕೆ ಚೆನ್ನಾಗಿ ಒದಗಿತು. ಹೊಸ ಪ್ಯಾಕಿಂಗಿಗೆ ಗ್ರೀಸ್ ಸವರಿ, ಪಂಪು ಕೂರಿಸಿ, ಬೋಲ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂದು ಸ್ವಲ್ಪ ಸ್ವಲ್ಪವೇ ಬಿಗಿಸಿದರು. ಕೊನೆಯ ಎರಡನ್ನು ನನ್ನ ಕೈಯಿಂದಲೇ ಬಿಗಿ ಮಾಡಿಸಿದರು. ಕೂಲಂಟ್ ಬೆರೆಸಿದ ನೀರು ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಶುರು ಮಾಡಿಸಿ, ಒಳಗಿನ ಗಾಳಿಯ ಗುಳ್ಳೆ ನಿಲ್ಲುವವರೆಗೆ ಕಾದರು. ಅರ್ಧ ಗಂಟೆ ಓಡಿಸಿದರೂ ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ಪಂಪಿನ ಅಡಿಗೆ ಬೆರಳಿಟ್ಟು ನೋಡಿದೆ, ಒಣಗಿತ್ತು.

ಹೊರಡುವಾಗ ಅವರು ಒಂದೇ ಮಾತು ಹೇಳಿದರು. ಪೂಜೆ ಬಿಡಬೇಡಿ, ಆದರೆ ತೊಳೆಯುವುದಕ್ಕೆ ಮುಂಚೆ ಎಲ್ಲಿ ಏನು ಇಳಿದಿದೆ ಎಂದು ಒಮ್ಮೆ ಕಣ್ಣು ಹಾಯಿಸಿ. ಮೂರು ತಿಂಗಳು ತೊಳೆಯದೆ ಬಿಟ್ಟದ್ದಕ್ಕೇ ರೋಗ ಕಾಣಿಸಿತು ಎಂದು ನಕ್ಕರು. ವೀರೇಶ ಹೊಸ ಪಂಪನ್ನೂ ನನ್ನ ಮಸಿ ಕೈಯನ್ನೂ ನೋಡಿ, ಗುಜರಿಯವನಿಗೆ ಏನು ಹೇಳಲಿ ಅತ್ತಿಗೆ ಎಂದು ಕೇಳಿದ. ಗಾಡಿ ಕೊಡುವುದಿಲ್ಲ ಎಂದು ಹೇಳಲು ತಿಳಿಸಿದೆ. ಅವನು ಅಲ್ಲೇ ಫೋನು ತೆಗೆದ.

ಅವನು ಬೈಕಿನಲ್ಲಿ ಮುಂದೆ ಹೋದ. ರಾತ್ರಿ ಅವನ ಮನೆಯಲ್ಲೇ ಉಳಿಯೋಣವೆಂದು ನಾನು ಅತ್ತೆಯನ್ನು ಕೂರಿಸಿಕೊಂಡು ಹಿಂದೆ ಹೊರಟೆ. ಶೆಡ್ಡಿನಲ್ಲಿ ಎಲ್ಲ ಕೇಳಿದ ಮೇಲೂ ಅವರು ಆ ಬಗ್ಗೆ ಏನೂ ಅಂದಿರಲಿಲ್ಲ. ನನಗೂ ಒಳಗೆ ಸ್ವಲ್ಪ ಸಿಟ್ಟಿತ್ತು, ಈಗ ಏನು ಹೇಳುತ್ತಾರೆ ನೋಡೋಣ ಎಂದು ಕಾಯುತ್ತಿದ್ದೆ. ತಪ್ಪಾಯಿತು ಎಂಬ ಒಂದು ಮಾತು ನನಗೆ ಬೇಕಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕುರುಗೋಡು ಬಂತು. ಊಟದ ಹೊತ್ತು ಮೀರಿತ್ತು, ಅವರ ಅಣ್ಣನ ಮನೆಗೆ ಹೋಗೋಣವೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಊರು ದಾಟಿದ ಮೇಲೆ, ಹೊಲಗಳ ಕಡೆ ಮುಖ ಮಾಡಿಕೊಂಡೇ ಮಾತು ಶುರು ಮಾಡಿದರು.

ಮಾವನವರು ತೀರಿಕೊಂಡಾಗ ಅತ್ತೆಗೆ ಮೂವತ್ತೆರಡು ವರ್ಷವಂತೆ. ಮರುವರ್ಷ ಕಾರಹುಣ್ಣಿಮೆಗೆ ತವರಿಗೆ ಬಂದಿದ್ದರು. ಅಣ್ಣನ ಮನೆಯಲ್ಲಿ ಒಂದು ಎತ್ತಿತ್ತು, ಕರುವಿದ್ದಾಗಿನಿಂದ ತವರಿಗೆ ಬಂದಾಗಲೆಲ್ಲ ಇವರೇ ಮೇವು ಹಾಕಿ ಬೆಳೆಸಿದ್ದು. ಎಲ್ಲರೂ ಎತ್ತಿನ ಮೈ ತೊಳೆದು ಸಿಂಗರಿಸುವಾಗ ಇವರು ಮರೆತು, ಮೊದಲಿನ ರೂಢಿಯಂತೆ ಅದರ ಹಣೆಗೆ ಕುಂಕುಮ ಹಚ್ಚಿಬಿಟ್ಟರು. ವಾರದೊಳಗೆ ಎತ್ತು ಹೊಟ್ಟೆಯುಬ್ಬರ ಬಂದು ಸತ್ತಿತು. ಯಾರೂ ಬೈಯಲಿಲ್ಲವಂತೆ. ಇನ್ನು ಮೇಲೆ ಹಚ್ಚಬೇಡವ್ವ, ನಿನ್ನ ಕೈ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದರಂತೆ. ಅಂದಿನಿಂದ ಅವರು ಯಾರ ಮನೆಯ ತೊಟ್ಟಿಲನ್ನೂ ತೂಗಲಿಲ್ಲ, ಯಾವ ಮದುಮಗಳ ತಲೆಗೂ ಅಕ್ಕಿಕಾಳು ಹಾಕಲಿಲ್ಲ. ನನ್ನ ಮದುವೆಯಲ್ಲಿ ಅವರು ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ ಎಂಬುದು ಆಗ ನೆನಪಾಯಿತು. ನನ್ನನ್ನು ಕಂಡರೆ ಆಗುವುದಿಲ್ಲವೇನೋ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ.

ಇದನ್ನೆಲ್ಲ ಹೇಳಿ, ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡುತ್ತ ಅತ್ತೆ ಕೇಳಿದರು.

"ಹಂಗಾರ, ನನ್ನ ಕೈಯಾಗೂ ಏನೂ ಇರಲಿಲ್ಲೇನವ್ವ ಶಾರದಾ?"

ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಅಷ್ಟು ಹೊತ್ತು ಕಾಯುತ್ತಿದ್ದ ಆ ತಪ್ಪಾಯಿತು ಎಂಬ ಮಾತು ನನಗೆ ಬೇಡವಾಗಿತ್ತು. ಅವರ ಕೈ ಹಿಡಿದುಕೊಂಡು, ಏನೂ ಇರಲಿಲ್ಲ ಅತ್ತಿ, ಎತ್ತು ಹಸಿ ಮೇವು ಹೆಚ್ಚಾಗಿ ತಿಂದಿರಬೇಕು ಎಂದೆ. ಅವರು ಹೂಂ ಎಂದರು. ಆಮೇಲೆ ಬಳ್ಳಾರಿಯ ಗುಡ್ಡ ಕಾಣುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಕಾರು ಈಗಲೂ ಓಡುತ್ತಿದೆ, ಮುಳ್ಳು ನಡುವೆಯೇ ಇದೆ. ಆದರೆ ಆ ದಿನ ನೆನಪಾದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು. ನಾನೂ ಅತ್ತೆಯೂ ಇಪ್ಪತ್ತೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು, ಊರ ಮಕ್ಕಳಿಗೆಲ್ಲ ಪಾಠ ಹೇಳಿದೆ, ಇವರನ್ನು ಒಂದು ಮಾತು ಕೇಳಲಿಲ್ಲ. ನನಗೆ ಮೂರು ತಿಂಗಳಿಗೇ ಒಬ್ಬ ಖಾಜಾಸಾಬ್ ಸಿಕ್ಕರು. ಅತ್ತೆಗೆ ನಲವತ್ತು ವರ್ಷ ಯಾರೂ ಸಿಗಲಿಲ್ಲ.